ನಾಲಿಗೆ ಎತ್ತಿ ತೋರಿಸಿ

ಹುಟ್ಟಿನಿಂದ ನಾನು ಅನುಮಾನದ ಹೆಂಗಸಲ್ಲ. ಹಾಸನದ ನಮ್ಮ ಮನೆಯಲ್ಲಿ ಬೀದಿ ಬಾಗಿಲಿಗೆ ಚಿಲಕ ಹಾಕಲು ಮರೆತು ದಿನವೂ ಬೈಸಿಕೊಳ್ಳುತ್ತಿದ್ದವಳು ನಾನೇ. ಅನುಮಾನ ನನಗೆ ಕೆಲಸದಿಂದ ಅಂಟಿತು, ಅಹಮದಾಬಾದಿನ ಒಂದು ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ, ಕೈಯಲ್ಲೊಂದು ಸಣ್ಣ ಟಾರ್ಚು ಹಿಡಿದು ನಿಂತಾಗ. ಅಲ್ಲಿ ಮಾತ್ರೆ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ರೋಗಿ ನೀರು ಕುಡಿದ ಮೇಲೆ ಬಾಯಿ ತೆರೆಸಬೇಕು, ನಾಲಿಗೆ ಎತ್ತಿಸಬೇಕು, ಎರಡೂ ಕೆನ್ನೆಯೊಳಗೆ ಬೆಳಕು ಬಿಟ್ಟು ನೋಡಬೇಕು. ನನಗೆ ಕೈಮುಗಿದು, ನನ್ನ ತಾಯಿಯ ಆರೋಗ್ಯ ವಿಚಾರಿಸಿ, ಆಮೇಲೆ ಮಾತ್ರೆಯನ್ನು ನಾಲಿಗೆಯಡಿಯಿಂದ ತೆಗೆದು ಕಿಟಕಿಯಾಚೆ ಎಸೆಯುತ್ತಿದ್ದವರೇ ಹೆಚ್ಚು. ಒಳ್ಳೆಯ ಮಾತಾಡುವವರನ್ನು ಕಂಡರೆ ಎಚ್ಚರವಾಗುವ ಚಾಳಿ ನನಗೆ ಅಲ್ಲಿಂದ ಬಂತು. ಆ ಚಾಳಿ ವಾರ್ಡಿನ ಹೊರಗೂ ಬಿಡಲಿಲ್ಲ. ತರಕಾರಿಯವನು ಒಂದು ಹಿಡಿ ಕೊತ್ತಂಬರಿ ಸುಮ್ಮನೆ ಹಾಕಿದರೂ ಚೀಲದ ತಳ ನೋಡುತ್ತೇನೆ.

ಆ ಊರೂ ನನ್ನನ್ನು ಅಷ್ಟೇ ಅನುಮಾನದಿಂದ ನೋಡಿತು ಅನ್ನಿ. ಊರಂಚಿನ ಬಡಾವಣೆ ಬೋಪಾಲ್‌ನಲ್ಲಿ ಬಾಡಿಗೆಗೆ ಮನೆ ಹಿಡಿದಾಗ ಮನೆಯೊಡತಿ ಆಗಾಗ ಏನಾದರೂ ನೆಪ ಮಾಡಿಕೊಂಡು ಅಡುಗೆಮನೆಗೆ ಬಂದು ಮೂಗರಳಿಸುತ್ತಿದ್ದರು. ಒಂಟಿ ಹೆಂಗಸು, ದಕ್ಷಿಣದವಳು, ಮೊಟ್ಟೆ ಬೇಯಿಸುತ್ತಾಳೋ ಏನೋ ಎಂಬ ಭಯ. ಬೇಯಿಸುತ್ತಿದ್ದೆ. ಬೇಯಿಸಿದ ಮೇಲೆ ಅಗರಬತ್ತಿ ಹಚ್ಚುತ್ತಿದ್ದೆ. ನನ್ನನ್ನು ಭಾರೀ ದೈವಭಕ್ತೆ ಎಂದುಕೊಂಡು ಆಕೆ ಹಬ್ಬಕ್ಕೆ ಸಿಹಿ ಕಳಿಸುತ್ತಿದ್ದರು.

ನನ್ನ ಹುದ್ದೆಯ ಹೆಸರೇ ಜನರಿಗೆ ಅನುಮಾನ ತರಿಸುವಂಥದ್ದು: ಫಿಸಿಷಿಯನ್ ಅಸಿಸ್ಟೆಂಟ್. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಡಾಕ್ಟರು ನೋಡುವ ಮೊದಲು ರೋಗಿಯ ಕಥೆ ಕೇಳಿ ದೇಹ ಪರೀಕ್ಷೆ ಮಾಡುವವಳು, ನೋಡಿದ ಮೇಲೆ ಅವರು ಹೇಳಿದ ಚಿಕಿತ್ಸೆ ನಡೆಯುತ್ತಿದೆಯೋ ಇಲ್ಲವೋ ಎಂದು ಬೆನ್ನು ಹತ್ತುವವಳು. ಔಷಧಿ ಬರೆಯುವ ಅಧಿಕಾರ ನನಗಿಲ್ಲ. ನಾನು ಡಾಕ್ಟರಿಗೆ ಚಾಡಿ ಹೇಳುವವಳು ಎಂದು ನರ್ಸುಗಳಿಗೆ ಅನುಮಾನ. ನಾಳೆ ನಾನೇ ಬೋರ್ಡು ಹಾಕಿಕೊಳ್ಳುತ್ತೇನೆಂದು ಕಿರಿಯ ಡಾಕ್ಟರುಗಳಿಗೆ ಅನುಮಾನ. ತಮ್ಮನ್ನು ಅರ್ಧ ಡಾಕ್ಟರ ಕೈಗೆ ಸಾಗಹಾಕಿದ್ದಾರೆಂದು ರೋಗಿಗಳ ಮನೆಯವರಿಗೆ ಅನುಮಾನ. ಇಷ್ಟು ಜನರ ನಡುವೆ ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದ್ದಕ್ಕೋ, ಬೇರೆ ಯಾರೂ ಒಪ್ಪದ್ದಕ್ಕೋ, ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ನಮ್ಮ ಕೇಂದ್ರಗಳ ಅಸಿಸ್ಟೆಂಟುಗಳಿಗೆ ನನ್ನನ್ನೇ ಮುಖ್ಯಸ್ಥೆ ಮಾಡಿದರು. ವಾರವಿಡೀ ರೈಲಿನಲ್ಲಿ ಓಡಾಟ. ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳಿಕೊಟ್ಟ ಪಾಠ ಒಂದೇ: ನಂಬಬೇಡಿ, ನಾಲಿಗೆ ಎತ್ತಿಸಿ ನೋಡಿ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಡಾಕ್ಟರು ಅಹಮದಾಬಾದಿನಲ್ಲಿ ಕೂರುತ್ತಿದ್ದರು. ಮೃದು ಮಾತಿನ ಗುಜರಾತಿ ಮುದುಕರು. ಅವರ ಕೋಣೆಯಲ್ಲಿ ಒಂದು ಪದ್ಧತಿ ನಡೆದುಬಂದಿತ್ತು. ರೋಗಿ ಔಷಧಿ ಮುಟ್ಟುವುದಿಲ್ಲ, ಆಸ್ಪತ್ರೆಗೂ ಬರುವುದಿಲ್ಲ ಎಂದು ಮನೆಯವರು ಅತ್ತರೆ, ಹನಿ ಔಷಧಿಯ ಸಣ್ಣ ಬಾಟಲಿ ಬರೆದುಕೊಟ್ಟು, "ಛಾಸ್‌ನಲ್ಲಿ ಹಾಕಿಬಿಡಿ" ಅನ್ನುತ್ತಿದ್ದರು. ಛಾಸ್ ಅಂದರೆ ಮಜ್ಜಿಗೆ. ಊಟದ ಜೊತೆ ಅದಿಲ್ಲದ ಮನೆ ಅಲ್ಲಿಲ್ಲ. ಎಷ್ಟೋ ಮನೆಗಳಲ್ಲಿ ಹಾಗೇ ಜನ ಶಾಂತರಾಗಿ, ಮದುವೆ ಮುಂಜಿಗೆ ಹೋಗಿಬರುತ್ತಿದ್ದುದನ್ನು ನಾನೂ ಕಂಡಿದ್ದೇನೆ. ಆದರೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಳಗೆ ಏನೋ ಚುಚ್ಚುತ್ತಿತ್ತು. ಅಂಥ ರೋಗಿಗಳಿಗೆ ಔಷಧಿ ತಲುಪುವುದನ್ನು ಬೆನ್ನು ಹತ್ತಿ ನೋಡುವುದು ನಮ್ಮ ಕೆಲಸವಲ್ಲ, ಅದು ಡಾಕ್ಟರಿಗೂ ಮನೆಯವರಿಗೂ ಬಿಟ್ಟದ್ದು ಎಂದು ನನ್ನವರಿಗೆ ಹೇಳಿ ಸುಮ್ಮನಿದ್ದೆ.

ಹೀಗಿರುವಾಗ ವಡೋದರಾದ ಕೇಂದ್ರಕ್ಕೆ ಒಬ್ಬ ಹೆಂಗಸು ಬಂದರು. ಉಡುಪಿ ಕಡೆಯವರು. ಮಕರಪುರದ ಕೈಗಾರಿಕಾ ವಸಾಹತಿನ ಹತ್ತಿರ ಗಂಡ ಹೆಂಡತಿ ಬಹಳ ಕಾಲದಿಂದ ಹೋಟೆಲು ನಡೆಸುತ್ತಿದ್ದರು. ಕನ್ನಡದವಳೊಬ್ಬಳು ಇಲ್ಲಿದ್ದಾಳೆಂದು ಯಾರೋ ಹೇಳಿದ್ದರಂತೆ. ಅವರ ಕಷ್ಟ ಹೀಗಿತ್ತು. ಕೆಲವು ವರ್ಷಗಳ ಹಿಂದೆ ಗಂಡನಿಗೆ ಮನಸ್ಸು ಕೆಟ್ಟು ನಮ್ಮದೇ ವಾರ್ಡಿನಲ್ಲಿದ್ದು ಗುಣವಾಗಿದ್ದರು; ನಾನಾಗ ಸೂರತ್ ಕಡೆ ಇದ್ದು ಅವರನ್ನು ಕಂಡಿರಲಿಲ್ಲ. ಗುಣವಾಯಿತಲ್ಲ ಎಂದು ಮಾತ್ರೆ ಬಿಟ್ಟರು. ಈಗ ಮತ್ತೆ ಶುರು. ಊಟದಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ ಎಂದು ಮನೆಯ ಅನ್ನ ಬಿಟ್ಟಿದ್ದಾರೆ. ತಾನೇ ಸುಲಿದ ಬಾಳೆಹಣ್ಣು, ಕಣ್ಣೆದುರೇ ಕೆತ್ತಿಸಿದ ಎಳನೀರು, ಹುರಿದ ಶೇಂಗಾ, ಅಷ್ಟೇ. ಇಬ್ಬರು ಅಡುಗೆಯವರನ್ನು ಓಡಿಸಿದರು. ಒಮ್ಮೆ ಒಂದು ದೊಡ್ಡ ಪಾತ್ರೆ ಸಾಂಬಾರನ್ನು ಗಿರಾಕಿಗಳ ಎದುರೇ ಮೋರಿಗೆ ಸುರಿದರು.

"ಪ್ಯಾಂಟು ನಿಲ್ಲುದಿಲ್ಲ ಮೇಡಂ ಸೊಂಟದಲ್ಲಿ. ಹಗ್ಗ ಕಟ್ಟಿಕೊಂಡು ತಿರುಗ್ತಾರೆ. ಹೀಗೇ ಆದ್ರೆ ಹೋಟ್ಲು ಹೋಗ್ತದೆ, ಅದು ಹೋಗ್ಲಿ, ಇವ್ರೇ ಉಳಿಯುದಿಲ್ಲ."

ಅಹಮದಾಬಾದಿನ ಡಾಕ್ಟರಿಗೆ ಫೋನು ಮಾಡಿ ಕಥೆ ಹೇಳಿದೆ. ಅವರು ಸೋಮವಾರ ಗಾಡಿ ಕಳಿಸಿ, ಇಬ್ಬರು ಗಟ್ಟಿ ವಾರ್ಡ್‌ಬಾಯ್‌ಗಳ ಜೊತೆ ಕರೆತಂದು ಭರ್ತಿ ಮಾಡೋಣ ಎಂದರು. ಅಷ್ಟರಲ್ಲಿ ಹೋಗಿ ನೋಡಿಕೊಂಡು ಬಾ ಎಂದರು.

ನನ್ನ ಅನುಮಾನ ಮೊದಲು ಹತ್ತಿದ್ದು ಹೆಂಡತಿಯ ತಮ್ಮನ ಮೇಲೆ. ಅವನ ತಿಂಡಿ ಅಂಗಡಿ ಬೋಪಾಲ್‌ನಲ್ಲಿ. ನಾನು ಎಷ್ಟೋ ಸಲ ಅಲ್ಲಿ ದೋಸೆ ತಿಂದಿದ್ದೆ. ಕೇಳದೆಯೇ ಇನ್ನೊಂದು ಸೌಟು ಚಟ್ನಿ ಹಾಕಿ ನಗುವ ಪೈಕಿ. ಭಾವ ಆಸ್ಪತ್ರೆ ಸೇರಿದರೆ ಮಕರಪುರದ ಹೋಟೆಲನ್ನು ತಾನೇ ನೋಡಿಕೊಳ್ಳುತ್ತೇನೆ ಎಂದಿದ್ದಾನಂತೆ. ಕೇಳಿದ್ದೇ ತಡ ನನ್ನ ಕಿವಿ ನೆಟ್ಟಗಾಯಿತು. ಹೆಂಡತಿಯ ಮೇಲೂ ಇತ್ತು. ಮನೆಯಲ್ಲಿ ಈಗ ಔಷಧಿ ಏನಾದರೂ ಕೊಡುತ್ತಿದ್ದೀರಾ ಎಂದಾಗ, ಪ್ರಶ್ನೆ ಮುಗಿಯುವ ಮೊದಲೇ ಇಲ್ಲ ಎಂದಿದ್ದರು.

ಗಿರಾಕಿಯ ಹಾಗೆ ಹೋಗಿ ಒಂದು ಮೂಲೆಯಲ್ಲಿ ಕೂತೆ. ಕಾರ್ಖಾನೆಯ ಪಾಳಿ ಬಿಟ್ಟ ಹೊತ್ತು, ನೀಲಿ ಅಂಗಿಯವರ ನೂಕು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಾಲೀಕರನ್ನು ಗುರುತಿಸಲು ಕಷ್ಟವಾಗಲಿಲ್ಲ; ಅಂಗಿ ಬೇರೆಯವರದ್ದೇನೋ ಎಂಬಷ್ಟು ಸಡಿಲವಾಗಿತ್ತು. ಸಾಂಬಾರಿನ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಂತರು. ಆಮೇಲೆ ನೇರವಾಗಿ ನನ್ನ ಮೇಜಿಗೆ ಬಂದು ಎದುರು ಕೂತರು.

"ಆಸ್ಪತ್ರೆಯವ್ರಲ್ವಾ ನೀವು?"

"ಹೇಗೆ ಗೊತ್ತಾಯ್ತು?"

"ಇಡ್ಲಿ ಬಿಟ್ಟು ನನ್ನ ಕೈ ನೋಡ್ತಾ ಇದ್ದೀರಿ, ನಡುಗ್ತದಾ ಇಲ್ವಾ ಅಂತ. ಹೆಂಡತಿ ಕಳಿಸಿದ್ದಾ?"

"ಹೌದು," ಎಂದೆ.

"ಅಲ್ಲ ಅಂತ ಹೇಳಿದ್ರೆ ಎದ್ದು ಹೋಗ್ತಿದ್ದೆ," ಎಂದು ಅವರು ಕಾಫಿ ತರಿಸಿದರು. ಕುದಿಯುವ ಕಾಫಿ. ನಾನು ಅದನ್ನು ಹಾಗೇ ಕುಡಿಯುವವಳು. ಎರಡೇ ಗುಟುಕಿಗೆ ಮುಗಿಸಿದೆ.

ಆಮೇಲೆ ಅವರು ಹೇಳಿದ್ದನ್ನು ಮರೆಯಲಾರೆ. "ಹೋಟ್ಲಿನ ಅಡುಗೆಯಲ್ಲಿ ಎಂತದ್ದೂ ಇಲ್ಲ ಮೇಡಂ. ಅದು ನಾನು ನೋಡಿಯಾಯ್ತು. ಇರುದು ಮನೆಯ ಮಜ್ಜಿಗೆಯಲ್ಲಿ. ಮೊದ್ಲು ಮಜ್ಜಿಗೆ ಪಾತ್ರೆ ಎಲ್ಲರ ಮಧ್ಯೆ ಇಡ್ತಾ ಇದ್ದದ್ದು, ಬೇಕಾದವ್ರು ಬಡಿಸಿಕೊಳ್ಳುದು. ಈಗ ನನ್ನ ಲೋಟ ಮಾತ್ರ ಒಳಗಿಂದ ತುಂಬಿಸಿಕೊಂಡೇ ಬರ್ತದೆ. ಅದ್ರಲ್ಲಿ ಶುಂಠಿ. ನಮ್ಮ ಮನೆಯಲ್ಲಿ ಮಜ್ಜಿಗೆಗೆ ಯಾವತ್ತೂ ಶುಂಠಿ ಹಾಕಿದ್ದಿಲ್ಲ. ಹೋಟ್ಲಲ್ಲಿ ನಾವು ಶುಂಠಿ ಜಾಸ್ತಿ ಹಾಕುದು ಯಾವಾಗ ಗೊತ್ತುಂಟಾ? ಮೊಸರು ಹುಳಿ ಬಂದದ್ದು ಗಿರಾಕಿಗೆ ಗೊತ್ತಾಗಬಾರ್ದು ಅಂತ ಇದ್ದಾಗ."

"ಕುಡಿದ್ರೆ ಏನಾಗುತ್ತೆ?"

"ಬೆಳಿಗ್ಗೆ ನಾಲಿಗೆ ದಪ್ಪ. ಉಪ್ಪು ಗೊತ್ತಾಗುದಿಲ್ಲ, ಹುಳಿ ಗೊತ್ತಾಗುದಿಲ್ಲ. ನಾಲಿಗೆ ಹೋದ್ರೆ ನನ್ನ ಹತ್ರ ಎಂತ ಉಂಟು ಮೇಡಂ? ಅದಕ್ಕೇ ಬಿಟ್ಟೆ. ಮೊದ್ಲು ಮಜ್ಜಿಗೆ, ಆಮೇಲೆ ಎಲ್ಲ."

ಇಷ್ಟು ಹೇಳಿ ಅದೇ ಉಸಿರಿನಲ್ಲಿ, ಬೆಳಗಿನ ಹಾಲಿನ ಗಾಡಿಯ ಹಾರ್ನು ತನ್ನ ಬಗ್ಗೆ ಸುದ್ದಿ ಮುಟ್ಟಿಸುವ ಸಂಕೇತವೆಂದೂ, ಎದುರಿನ ಟೈರು ಅಂಗಡಿಯವನು ಅದನ್ನು ಬರೆದಿಟ್ಟುಕೊಳ್ಳುತ್ತಾನೆಂದೂ ಹೇಳಿದರು. ಹಾರ್ನಿನ ಮಾತು ಕೇಳಿದ ಯಾರೂ ಶುಂಠಿಯ ಮಾತನ್ನು ನಂಬುವುದಿಲ್ಲ. ನನಗೆ ಮಾತ್ರ ಶುಂಠಿ ಗಂಟಲಲ್ಲಿ ಸಿಕ್ಕಿಕೊಂಡಿತು.

ಅವರ ಮನೆ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ. ಅಲ್ಲಿಗೇ ಹೋಗಿ ಹೆಂಡತಿಯ ಹತ್ತಿರ, "ಬಿಸಿಲಿದೆ, ಕುಡಿಯೋದಕ್ಕೆ ಮಜ್ಜಿಗೆ ಕೊಡ್ತೀರಾ?" ಎಂದೆ. ಪಾತ್ರೆಯಿಂದ ಬಗ್ಗಿಸಿ ತಂದುಕೊಟ್ಟರು. ಶುಂಠಿಯಿಲ್ಲದ ತಿಳಿ ಮಜ್ಜಿಗೆ.

"ಇದಲ್ಲ. ಅವರಿಗೆ ಕೊಡ್ತಿದ್ರಲ್ಲ, ಅದು."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದರು. ಆಮೇಲೆ ಒಳಗೆ ಹೋಗಿ, ಇಂಗಿನ ಡಬ್ಬಿಯೊಳಗಿಂದ ಸಣ್ಣ ಬಾಟಲಿಯೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟರು. ಅದರ ಮೇಲಿದ್ದ ಚೀಟಿ ನಮ್ಮದೇ ಔಷಧಿ ಅಂಗಡಿಯದು, ಅಹಮದಾಬಾದ್ ಕೇಂದ್ರದ್ದು.

"ಯಾರಿಗೂ ಹೇಳಬಾರ್ದು ಅಂದಿದ್ರು ದೊಡ್ಡ ಡಾಕ್ಟ್ರು. ತಮ್ಮನೇ ತಂದುಕೊಡುದು. ಇಲ್ಲಿ ಬಂದ್ರೆ ಗಿರಾಕಿಗಳು ನೋಡ್ತಾರಲ್ಲ, ಅದಕ್ಕೆ ಅವ್ನು ಅಲ್ಲಿಗೇ ಹೋಗಿ ಕೇಳಿದ್ದು. ನಾನು ಮೋಸ ಮಾಡ್ಲಿಕ್ಕೆ ಹಾಕಿದ್ದಲ್ಲ ಮೇಡಂ. ಹಿಂದಿನ ಸಲ ಎಳೆದುಕೊಂಡು ಹೋದದ್ದು ನನ್ನ ಕಣ್ಣಲ್ಲೇ ಉಂಟು. ಇನ್ನೊಂದು ಸಲ ಹಾಗೆ ಆಗುದು ಬೇಡ ಅಂತ."

ಸಿಟ್ಟು ನೆತ್ತಿಗೇರಿತು. ಆಕೆಯ ಮೇಲಲ್ಲ, ಚಟ್ನಿಯವನ ಮೇಲೂ ಅಲ್ಲ. ಭಾವನಿಗಾಗಿ ಅಂಗಡಿ ಬಿಟ್ಟು ಸಾಲಿನಲ್ಲಿ ನಿಂತವನ ಮೇಲೆ ನಾನು ಕಣ್ಣಿಟ್ಟಿದ್ದೆನಲ್ಲ. ಊರೆಲ್ಲ ಕಳ್ಳನನ್ನು ಹುಡುಕಿ, ಕೊನೆಗೆ ನಮ್ಮ ಮನೆಯ ಹಿತ್ತಿಲಲ್ಲೇ ಹೆಜ್ಜೆಗುರುತು ಕಂಡ ಹಾಗಾಗಿತ್ತು. ಊಟದಲ್ಲಿ ಏನೋ ಬೆರೆಸುತ್ತಾರೆ ಎಂಬ ಭಯ ಇರುವ ಮನುಷ್ಯನಿಗೆ ನಾವು ಊಟದಲ್ಲೇ ಬೆರೆಸಿದ್ದೆವು. ಆ ಭಯ ಎಷ್ಟಿತ್ತೋ ಏನೋ, ಅದಕ್ಕೆ ಸಾಕ್ಷಿ ಒದಗಿಸಿದವರು ನಾವು.

ಮರುದಿನವೇ ಅಹಮದಾಬಾದಿಗೆ ಹೋಗಿ ಡಾಕ್ಟರ ಮೇಜಿನ ಮೇಲೆ ಬಾಟಲಿ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೋಪಾಲ್‌ನವನು ಕೇಳಿದ್ದು ನೆನಪಿತ್ತು, ನಾನು ಫೋನಿನಲ್ಲಿ ಹೇಳಿದ್ದು ಅದೇ ರೋಗಿಯ ಕಥೆ ಎಂದು ಅವರಿಗೆ ಹೊಳೆದಿರಲಿಲ್ಲ. "ಒಂದು ಬಾಟಲಿ ಕೊಡದಿದ್ದರೆ ಆಗಲೇ ಹೊತ್ತು ತರಬೇಕಾಗುತ್ತಿತ್ತು, ಬೆನ್," ಎಂದರು. ಅಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕತಂಗಿಯರು. ಸಿಟ್ಟಿನಲ್ಲಿರುವವಳನ್ನೂ ಹಾಗೇ ಕರೆಯುತ್ತಾರೆ.

"ಅವರಿಗೆ ನಿಜ ಹೇಳಬೇಕು," ಎಂದೆ.

"ಹೇಳಿ ನೋಡು. ಹೆಂಡತಿಯ ಕೈಯಿಂದ ಅವನು ಇನ್ನು ಯಾವತ್ತೂ ಉಣ್ಣುವುದಿಲ್ಲ. ಮೇಲಿಂದ, ನನಗೆ ಕಾಯಿಲೆಯೇ ಇಲ್ಲ, ನಾನು ಹೇಳಿದ್ದೇ ಸತ್ಯವಾಯಿತು ಎನ್ನುತ್ತಾನೆ. ಆಗ ಏನು ಹೇಳುತ್ತೀ?"

ಅವರು ಕೆಟ್ಟ ಮನುಷ್ಯರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ನನ್ನ ಹತ್ತಿರ ಇದ್ದದ್ದು ಮೊಂಡುತನ ಮಾತ್ರ. ರೋಗಿಗೆ ಗೊತ್ತಿಲ್ಲದ ಔಷಧಿಯನ್ನು ಇನ್ನು ಮೇಲೆ ನನ್ನ ಹುಡುಗರು ಯಾರ ಕೈಗೂ ಕೊಡುವುದಿಲ್ಲ, ಬೇಕಾದರೆ ನನ್ನನ್ನು ಈ ಜಾಗದಿಂದ ತೆಗೆಯಿರಿ ಎಂದೆ. ಡಾಕ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಸರಿ, ಹೇಳು, ತಾನಾಗಿ ಔಷಧಿ ತೆಗೆದುಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಸೋಮವಾರ ಗಾಡಿ ಬರುತ್ತದೆ, ಆಮೇಲೆ ನೀನು ಅಡ್ಡ ಬರಬಾರದು ಎಂದರು. ಒಪ್ಪಿದೆ. ಹಸಿದು ಒಣಗುತ್ತಿರುವ ಮನುಷ್ಯನ ವಿಷಯದಲ್ಲಿ ಒಪ್ಪದೆ ದಾರಿಯೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ, ಊಟದ ಗಿರಾಕಿಗಳು ಹೋಗಿ ಹೋಟೆಲಿನ ಶಟರು ಅರ್ಧ ಇಳಿದಿದ್ದಾಗ, ಹೆಂಡತಿಯನ್ನು ಕರೆದುಕೊಂಡು ಹೋದೆ. ನಾನು ಹೇಳಿದರೆ ಅದು ಚಾಡಿಯಾಗುತ್ತದೆ, ನೀವೇ ಹೇಳಬೇಕು ಎಂದು ಮೊದಲೇ ಅವರನ್ನು ಒಪ್ಪಿಸಿದ್ದೆ. ದಾರಿಯುದ್ದಕ್ಕೂ ಬೇಡ ಮೇಡಂ, ಬೇಡ ಮೇಡಂ ಎನ್ನುತ್ತಲೇ ಬಂದರು. ಗಂಡನೆದುರು ಕೂತ ಮೇಲೆ ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ಮಜ್ಜಿಗೆಗೆ ಹಾಕಿದ್ದು ನಾನು. ಇದನ್ನು. ನಿಮ್ಮದೇ ಮದ್ದು. ಬೇರೆ ಎಂತದ್ದೂ ಅಲ್ಲ," ಎಂದರು.

ಮಾಲೀಕರು ಬಾಟಲಿಯನ್ನು ಮುಟ್ಟಲಿಲ್ಲ. ನನ್ನನ್ನು ನೋಡಿದರು. "ಹಾಗಾದ್ರೆ ನಂಗೆ ಮರ್ಲು ಇಲ್ಲ, ತಲೆ ಸರಿ ಉಂಟು. ನಾನು ಹೇಳಿದ್ದೇ ಹೌದು."

ಡಾಕ್ಟರು ಹೇಳಿದ್ದ ಪ್ರಶ್ನೆ ಅಕ್ಷರಕ್ಕೆ ಅಕ್ಷರ ಬಂದು ಎದುರು ನಿಂತಿತ್ತು. ನನಗೆ ಭಯವಾಯಿತು. ನಿಜ ಹೇಳಿ ಈ ಮನೆ ಒಡೆದೆನೇ ಅನಿಸಿತು.

"ಮಜ್ಜಿಗೆ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ನಿಜ. ತಪ್ಪು ನಮ್ಮ ಆಸ್ಪತ್ರೆಯದು," ಎಂದೆ. "ಹಾಲಿನ ಗಾಡಿ ವಿಷಯದಲ್ಲಿ ನಿಜ ಅಲ್ಲ. ಅದು ಕಾಯಿಲೆ. ಎರಡೂ ಒಟ್ಟಿಗೇ ಇದೆ ಸಾರ್."

ಅವರು ಎದ್ದು ಅಡುಗೆಮನೆಗೆ ಹೋದರು. ಒಳಗೆ ಬೇರೆ ಯಾರೂ ಇರಲಿಲ್ಲ. ಪಾತ್ರೆಯ ಸದ್ದು, ಒಲೆ ಹತ್ತಿದ ಸದ್ದು, ಯಾವುದೋ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಬರುವಾಗ ಕೈಯಲ್ಲಿ ಒಂದೇ ಲೋಟ ಕಾಫಿ. ಅದನ್ನು ನನ್ನ ಮುಂದಿಟ್ಟು ಎದುರು ಕೂತರು.

"ಕುಡೀರಿ ಮೇಡಂ."

ನಾನು ಲೋಟದ ಅಂಚು ಹಿಡಿದೆ. ಎತ್ತಲಿಲ್ಲ. ಒಳಗೆ ಒಬ್ಬರೇ ಇದ್ದರಲ್ಲ. ಈಗಷ್ಟೇ ಕೇಳಬಾರದ್ದನ್ನು ಕೇಳಿದ್ದಾರಲ್ಲ. ಆ ಮುಚ್ಚಳ ಸಕ್ಕರೆ ಡಬ್ಬಿಯದೋ, ಇಲಿ ಪಾಷಾಣದ್ದೋ. ಇಷ್ಟು ವರ್ಷದ ವಿದ್ಯೆಯೆಲ್ಲ ಕೈಗೆ ಬಂದು ಕೂತಿತ್ತು.

"ಬಿಸಿ ಇದೆ," ಎಂದೆ.

"ಮೊನ್ನೆ ಕುದಿಯುವುದನ್ನೇ ಕುಡಿದ್ರಲ್ಲ."

ಅವರು ನಗಲಿಲ್ಲ, ಗೆದ್ದವರ ಹಾಗೂ ನೋಡಲಿಲ್ಲ. ನಿಧಾನವಾಗಿ, ಮಗುವಿಗೆ ಹೇಳುವವರ ಹಾಗೆ ಹೇಳಿದರು. "ಎಂತ ಹಾಕ್ಲಿಲ್ಲ. ಹಾಲು, ಡಿಕಾಕ್ಷನ್, ಸಕ್ಕರೆ. ಒಂದು ಲೋಟಕ್ಕೇ ನಿಮಗೆ ಇಷ್ಟು ಆಯ್ತು ಅಲ್ವಾ? ನಂಗೆ ಪ್ರತಿ ತುತ್ತಿಗೂ ಹೀಗೇ."

ನಾನು ಅವರಂಥವರ ಬಾಯಿಯೊಳಗೆ ಟಾರ್ಚು ಬಿಟ್ಟು ನೋಡುವವಳು. ಅವರು ಟಾರ್ಚಿಲ್ಲದೆಯೇ ನನ್ನ ಒಳಗನ್ನು ನೋಡಿಬಿಟ್ಟಿದ್ದರು. ನಾಚಿಕೆಯಾಯಿತು. ಲೋಟ ಎತ್ತಿ ಪೂರ್ತಿ ಕುಡಿದೆ. ನಾಲಿಗೆ ಸುಟ್ಟಿತು. ಒಳ್ಳೆಯ ಕಾಫಿ.

ನಾನು ಲೋಟ ಕೆಳಗಿಡುವ ತನಕ ನೋಡುತ್ತಿದ್ದು, ಆಮೇಲೆ ಅವರು ಬಾಟಲಿಗೆ ಕೈ ಹಾಕಿದರು. ಚೀಟಿಯ ಮೇಲಿನ ತಮ್ಮ ಹೆಸರನ್ನು ಓದಿಕೊಂಡರು. ಎಷ್ಟು ಹನಿ ಎಂದು ನನ್ನನ್ನೇ ಕೇಳಿದರು. ಡಾಕ್ಟರು ಚೀಟಿಯಲ್ಲಿ ಬರೆದಷ್ಟೇ ಎಂದೆ. ನಾಲಿಗೆ ದಪ್ಪವಾಗುವುದನ್ನು ನಾಳೆಯೇ ಡಾಕ್ಟರಿಗೆ ಹೇಳಿ ಪ್ರಮಾಣ ಇಳಿಸುವ ಮಾತಾಡುತ್ತೇನೆ, ಬೇಕಾದರೆ ಔಷಧಿಯನ್ನೇ ಬದಲಿಸಲು ಕೇಳುತ್ತೇನೆ, ನೀವೇ ಬಂದು ಅವರೊಡನೆ ಮಾತಾಡಿ ಎಂದೆ. ಅವರು ಬರೀ ನೀರಿಗೆ ಹನಿ ಹಾಕಿಕೊಂಡು, ನಮ್ಮಿಬ್ಬರಿಗೂ ಕಾಣುವ ಹಾಗೆ ಲೋಟ ಎತ್ತಿ ಕುಡಿದರು. ಆಮೇಲೆ ಯಾರೂ ಕೇಳದೆಯೇ ನನ್ನ ಕಡೆ ತಿರುಗಿ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದರು. ನಮ್ಮ ವಾರ್ಡಿನಲ್ಲಿ ಕಲಿತದ್ದು. ಮೈಗೆ ಹತ್ತಿಹೋಗಿತ್ತು.

"ಬೇಡ ಸಾರ್," ಎಂದೆ. "ಮುಚ್ಚಿ."

ಅವರು ಮುಚ್ಚಿದರು. ಗಾಡಿ ಬೇಡವೆಂದು ಡಾಕ್ಟರಿಗೆ ಫೋನು ಮಾಡಲು ನಾನು ಎದ್ದೆ. ಶಟರಿನ ಹತ್ತಿರ ಬಗ್ಗಿದಾಗ ಹಿಂದಿನಿಂದ ಅವರ ದನಿ ಕೇಳಿತು, ನನಗಲ್ಲ, ಹೆಂಡತಿಗೆ.

"ಅನ್ನ ಉಂಟಾ? ಮಜ್ಜಿಗೆ ಪಾತ್ರೆ ಇಲ್ಲೇ ತಾ. ನೀನೂ ಕೂತ್ಕೊ, ಮೊದ್ಲು ನೀನು ಕುಡಿ." ಒಂದು ಕ್ಷಣ ಬಿಟ್ಟು ಅಂದರು, "ಶುಂಠಿ ಬೇಡ."